4,29,49,67,297: ಒಂದು ಸಂಖ್ಯೆ ಕಲಿಸುವ ಪಾಠ

ಸಂಖ್ಯೆಗಳನ್ನು ನಾವು ಸಾಮಾನ್ಯವಾಗಿ ಎಣಿಕೆಯ ಸಾಧನಗಳೆಂದು ಮಾತ್ರ ಭಾವಿಸುತ್ತೇವೆ. ಆದರೆ ಗಣಿತಶಾಸ್ತ್ರಜ್ಞನ ದೃಷ್ಟಿಯಲ್ಲಿ ಒಂದೊಂದು ಪೂರ್ಣಾಂಕಕ್ಕೂ ತನ್ನದೇ ಆದ ಗುಣಸ್ವಭಾವಗಳುಂಟು. ಕೆಲವಕ್ಕೆ ಇತಿಹಾಸವೂ ಉಂಟು. ಅಂತಹ ಇತಿಹಾಸವುಳ್ಳ ಒಂದು ಸಂಖ್ಯೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಅದು ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು, ಅಂಕಿಗಳಲ್ಲಿ 4,29,49,67,297. ಮೊದಲ ನೋಟಕ್ಕೆ ಇದರಲ್ಲಿ ವಿಶೇಷವೇನೂ ತೋರದು. ಆದರೂ ಯೂರೋಪಿನ ಮಹಾಗಣಿತಜ್ಞನೊಬ್ಬನ ನಂಬಿಕೆಯೊಂದು ಈ ಸಂಖ್ಯೆಯನ್ನು ಆಶ್ರಯಿಸಿ 92 ವರ್ಷಗಳ ಕಾಲ ನಿಂತಿತ್ತು. ಕೊನೆಗೆ ಮೂರೇ ಅಂಕಿಗಳ ಒಂದು ಸಣ್ಣ ಸಂಖ್ಯೆ ಅದನ್ನು ಕೆಡವಿತು. ಇದು ಹೇಗೆ ನಡೆಯಿತೆಂಬುದನ್ನು ತಿಳಿಯಲು ಪ್ರೌಢಶಾಲೆಯ ಗಣಿತ, ಒಂದು ಹಾಳೆ ಮತ್ತು ಒಂದು ಪೆನ್ಸಿಲ್ ಇದ್ದರೆ ಸಾಕು.

ಸಂಖ್ಯೆಯ ಹುಟ್ಟು

ಎರಡರಿಂದ ಆರಂಭಿಸಿ, ಬಂದ ಸಂಖ್ಯೆಯ ವರ್ಗವನ್ನು ಮತ್ತೆ ಮತ್ತೆ ತೆಗೆದುಕೊಳ್ಳುತ್ತ ಹೋಗೋಣ. 2ರ ವರ್ಗ 4. 4ರ ವರ್ಗ 16. 16ರ ವರ್ಗ 256. 256ರ ವರ್ಗ 65,536. ಇದರ ವರ್ಗ 4,29,49,67,296. ಇವೆಲ್ಲವೂ ಎರಡರ ಘಾತಗಳು. ಘಾತಾಂಕಗಳು ಕ್ರಮವಾಗಿ 1, 2, 4, 8, 16, 32. ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ ಕೆಳಗಿನ ಸಾಲು ದೊರೆಯುತ್ತದೆ:

3, 5, 17, 257, 65,537, 4,29,49,67,297.

ಘಾತಾಂಕಗಳನ್ನು ಹೀಗೆ ಇಮ್ಮಡಿಗೊಳಿಸುತ್ತ ಹೋಗುವುದಕ್ಕೆ ಕಾರಣವಿದೆ. ಒಂದು ಮತ್ತು ತಾನು ಎಂಬ ಎರಡನ್ನು ಬಿಟ್ಟು ಬೇರೆ ಭಾಜಕಗಳಿಲ್ಲದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ. ಬೇರೆ ಭಾಜಕಗಳಿದ್ದರೆ ಅದು ಸಂಯುಕ್ತ ಸಂಖ್ಯೆ. ಎರಡರ ಯಾವುದೋ ಒಂದು ಘಾತಕ್ಕೆ ಒಂದನ್ನು ಕೂಡಿಸಿ ಅವಿಭಾಜ್ಯ ಸಂಖ್ಯೆಯನ್ನು ಪಡೆಯಬೇಕೆಂದಿಟ್ಟುಕೊಳ್ಳೋಣ. ಘಾತಾಂಕದಲ್ಲಿ 3, 5, 7 ಮೊದಲಾದ ಬೆಸಸಂಖ್ಯೆ ಭಾಜಕವಾಗಿ ಅಡಗಿದ್ದರೆ ಪ್ರಯತ್ನ ವಿಫಲವಾಗುತ್ತದೆ. ಉದಾಹರಣೆಗೆ, 2⁶ ಎಂಬುದು 4ರ ಘನ. ಎರಡು ಘನಗಳ ಮೊತ್ತವನ್ನು ಆ ಮೂಲಗಳ ಮೊತ್ತವು ಭಾಗಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಬೀಜಗಣಿತದಲ್ಲಿ ಕಲಿತಿರುತ್ತಾರೆ. ಆದುದರಿಂದ 2⁶ + 1, ಅಂದರೆ 65, 4 + 1ರಿಂದ, ಅಂದರೆ 5ರಿಂದ, ಭಾಗವಾಗಲೇಬೇಕು. ಬೆಸ ಭಾಜಕವೇ ಇಲ್ಲದ ಘಾತಾಂಕಗಳು 1, 2, 4, 8, 16, 32 ಮುಂತಾದವು ಮಾತ್ರ. ಮೇಲಿನ ಸಾಲು ಹುಟ್ಟಿದ್ದು ಹೀಗೆ.

ಫರ್ಮಾನ ನಂಬಿಕೆ

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಪಿಯೆರ್ ಡಿ ಫರ್ಮಾ ಎಂಬವನಿದ್ದನು. ತುಲೂಸ್ ನಗರದ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದ ಅವನಿಗೆ ಗಣಿತವು ಬಿಡುವಿನ ವೇಳೆಯ ವ್ಯಾಸಂಗವಾಗಿತ್ತು. ಆದರೂ ಸಂಖ್ಯಾಶಾಸ್ತ್ರದಲ್ಲಿ ಅವನನ್ನು ಮೀರಿಸಿದವರು ಆ ಕಾಲದಲ್ಲಿ ಇರಲಿಲ್ಲ. 1640ರಲ್ಲಿ ಫ್ರೆನಿಕ್ಲ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ, ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೆಂದು ತನಗೆ ಬಹುಮಟ್ಟಿಗೆ ನಂಬಿಕೆಯಾಗಿದೆಯೆಂದು ಅವನು ತಿಳಿಸಿದನು. ಪೂರ್ಣವಾದ ಸಾಧನೆ ತನ್ನಲ್ಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಂಡನು.

ಈ ನಂಬಿಕೆಗೆ ಆಧಾರವಿರಲಿಲ್ಲವೆಂದಲ್ಲ. 3, 5, 17 ಇವು ಅವಿಭಾಜ್ಯವೆಂಬುದು ಮಕ್ಕಳಿಗೂ ಗೊತ್ತು. ಒಂದು ಸಂಖ್ಯೆ ಸಂಯುಕ್ತವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಭಾಜಕ ಇದ್ದೇ ತೀರಬೇಕು. ಆದಕಾರಣ 257ನ್ನು ಪರೀಕ್ಷಿಸಲು 2, 3, 5, 7, 11, 13 ಇವುಗಳಿಂದ ಭಾಗಿಸಿ ನೋಡಿದರೆ ಸಾಕು. 65,537ಕ್ಕೆ 256ರೊಳಗಿನ 54 ಅವಿಭಾಜ್ಯ ಸಂಖ್ಯೆಗಳನ್ನು ಪ್ರಯೋಗಿಸಬೇಕು. ಬೇಸರದ ಕೆಲಸವಾದರೂ ಒಂದು ಸಂಜೆಯಲ್ಲಿ ಮುಗಿಯುವಂತಹುದು. ಹೀಗೆ ಐದು ಸಂಖ್ಯೆಗಳೂ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಆರನೆಯದಾದ 4,29,49,67,297 ಮಾತ್ರ ಈ ಕ್ರಮಕ್ಕೆ ಸುಲಭವಾಗಿ ಬಗ್ಗಲಿಲ್ಲ. ಇದರ ವರ್ಗಮೂಲ 65,536ಕ್ಕಿಂತ ಸ್ವಲ್ಪವೇ ಹೆಚ್ಚು. ಅಲ್ಲಿಯವರೆಗೆ 6,542 ಅವಿಭಾಜ್ಯ ಸಂಖ್ಯೆಗಳಿವೆ. ಅಷ್ಟು ಭಾಗಾಕಾರಗಳನ್ನು ಕೈಯಿಂದ ಮಾಡುವ ತಾಳ್ಮೆ ಯಾರಿಗಿದ್ದೀತು?

1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಎಂಬ ವಿದ್ವಾಂಸನು ಸೇಂಟ್ ಪೀಟರ್ಸ್‌ಬರ್ಗಿನ ವಿದ್ಯಾಪೀಠದಲ್ಲಿದ್ದ ಲಿಯೊನ್‌ಹಾರ್ಡ್ ಆಯ್ಲರನಿಗೆ ಪತ್ರ ಬರೆದು, ಫರ್ಮಾನ ಈ ಹೇಳಿಕೆಯನ್ನು ಬಲ್ಲೆಯಾ ಎಂದು ವಿಚಾರಿಸಿದನು. ಆಗ ಆಯ್ಲರನಿಗೆ 22 ವರ್ಷ. 1732ರಲ್ಲಿ ಅವನು ಉತ್ತರವನ್ನು ವಿದ್ವಾಂಸರ ಮುಂದಿಟ್ಟನು: 4,29,49,67,297 ಅವಿಭಾಜ್ಯವಲ್ಲ, ಅದನ್ನು 641 ಶೇಷವಿಲ್ಲದೆ ಭಾಗಿಸುತ್ತದೆ. 641 ಎಂಬುದು ಅವಿಭಾಜ್ಯ ಸಂಖ್ಯೆಗಳ ಪಟ್ಟಿಯಲ್ಲಿ 116ನೆಯದು. ಆದರೆ ಒಂದರ ಮೇಲೊಂದರಂತೆ 116 ಭಾಗಾಕಾರಗಳನ್ನು ಮಾಡಬೇಕಾದ ಅವಶ್ಯಕತೆಯೇ ಇಲ್ಲ. ಯಾವ ಸಂಖ್ಯೆಗಳು ಭಾಜಕಗಳಾಗಲಾರವೆಂಬುದನ್ನು ಮೊದಲು ಯೋಚಿಸಿ ತಿಳಿಯಬಹುದು. ಆಯ್ಲರನು ಮುಂದೆ ಬರೆದ ಲೇಖನವೊಂದರಲ್ಲಿ ವಿವರಿಸಿದ ಆ ಯೋಚನೆಯೇ ಈ ಕಥೆಯ ತಿರುಳು.

ಶೇಷಗಳ ಚಕ್ರ

ಮೊದಲು ಒಂದು ಚಿಕ್ಕ ಉದಾಹರಣೆಯನ್ನು ನೋಡೋಣ. ಎರಡರ ಘಾತಗಳಾದ 2, 4, 8, 16, 32 ಮುಂತಾದವನ್ನು 17ರಿಂದ ಭಾಗಿಸಿ ಶೇಷಗಳನ್ನು ಬರೆಯುತ್ತ ಹೋದರೆ 2, 4, 8, 16, 15, 13, 9, 1 ಎಂದು ಬರುತ್ತದೆ. ಶೇಷವು 1 ಆದೊಡನೆ ಮುಂದಿನದು ಮತ್ತೆ 2. ಅನಂತರ 4, 8 ಎಂದು ಹಳೆಯ ಸಾಲೇ ಮರುಕಳಿಸುತ್ತದೆ. ಗಡಿಯಾರದ ಮುಳ್ಳಿನಂತೆ ಶೇಷಗಳು ಎಂಟು ಹೆಜ್ಜೆಗಳ ಚಕ್ರದಲ್ಲಿ ಸುತ್ತುತ್ತವೆ. ನಾಲ್ಕನೆಯ ಹೆಜ್ಜೆಯ ಶೇಷ 16 ಎಂಬುದನ್ನು ಗಮನಿಸಬೇಕು. ಅದು 17ಕ್ಕೆ ಒಂದು ಕಡಿಮೆ; ಆದುದರಿಂದ ಅದನ್ನು −1 ಎಂದೂ ಬರೆಯಬಹುದು. 2⁴ + 1 ಎಂಬುದು 17ರಿಂದ ಭಾಗವಾಗುವುದೆಂದರೂ 2⁴ರ ಶೇಷ −1 ಎಂದರೂ ಅರ್ಥ ಒಂದೇ.

ಇದೇ ತರ್ಕವನ್ನು ನಮ್ಮ ದೊಡ್ಡ ಸಂಖ್ಯೆಗೆ ಅನ್ವಯಿಸೋಣ. 4,29,49,67,297 ಎಂದರೆ 2³² + 1. ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ಇದನ್ನು ಭಾಗಿಸುತ್ತದೆಂದು ಇಟ್ಟುಕೊಳ್ಳೋಣ; ಅದನ್ನು ‘ಕ’ ಎಂದು ಕರೆಯೋಣ. ಆಗ ‘ಕ’ದಿಂದ ಭಾಗಿಸಿದಾಗ 2³²ರ ಶೇಷ −1. ಎರಡು ಕಡೆಯೂ ವರ್ಗ ಮಾಡಿದರೆ 2⁶⁴ರ ಶೇಷ 1. ಶೇಷವು 1 ಆಗುವುದು ಚಕ್ರವು ಪೂರ್ತಿಯಾದಾಗ ಮಾತ್ರ. ಆದುದರಿಂದ ಚಕ್ರದ ಉದ್ದ 64ನ್ನು ಭಾಗಿಸಬೇಕು. ಅಂದರೆ ಅದು 1, 2, 4, 8, 16, 32, 64 ಇವುಗಳಲ್ಲಿ ಒಂದು. ಆದರೆ 64ನ್ನು ಬಿಟ್ಟು ಉಳಿದವುಗಳಲ್ಲಿ ಯಾವುದೇ ಆಗಿದ್ದರೂ 32ನೆಯ ಹೆಜ್ಜೆಯಲ್ಲಿ ಶೇಷವು 1 ಆಗಿರಬೇಕಾಗಿತ್ತು; ಅಲ್ಲಿರುವುದು −1. ಆದಕಾರಣ ಚಕ್ರದ ಉದ್ದ 64 ಎಂಬುದು ನಿಶ್ಚಯ.

ಇಲ್ಲಿ ಫರ್ಮಾನ ಇನ್ನೊಂದು ಪ್ರಮೇಯ ನಮ್ಮ ನೆರವಿಗೆ ಬರುತ್ತದೆ. ಎರಡನ್ನು ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ, ಅದಕ್ಕಿಂತ ಒಂದು ಕಡಿಮೆಯಾದ ಘಾತಾಂಕಕ್ಕೆ 2ನ್ನು ಏರಿಸಿ ಅದರಿಂದ ಭಾಗಿಸಿದರೆ ಶೇಷವು 1 ಎಂದು ಆ ಪ್ರಮೇಯ ಹೇಳುತ್ತದೆ. 7ನ್ನು ತೆಗೆದುಕೊಂಡರೆ 2⁶ ಎಂದರೆ 64. 7ರಿಂದ ಭಾಗಿಸಿದರೆ ಶೇಷ 1. ನಮ್ಮ ‘ಕ’ಕ್ಕೂ ಈ ನಿಯಮ ಸಲ್ಲುತ್ತದೆ. ಹಾಗಾದರೆ ‘ಕ’ಕ್ಕಿಂತ ಒಂದು ಕಡಿಮೆಯಾದ ಹೆಜ್ಜೆಯಲ್ಲಿ 64ರ ಚಕ್ರ ಪೂರ್ತಿಯಾಗಿರಬೇಕು. ಅಂದರೆ ‘ಕ’ದಿಂದ ಒಂದನ್ನು ಕಳೆದರೆ ಉಳಿಯುವುದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆ.

ಈ ಒಂದು ವಾಕ್ಯದಿಂದ ಎಷ್ಟು ಶ್ರಮ ಉಳಿಯಿತೆಂಬುದನ್ನು ನೋಡಿರಿ. 64ರ ಮಗ್ಗಿಗೆ ಒಂದು ಕೂಡಿಸಿದರೆ 65, 129, 193, 257, 321, 385, 449, 513, 577, 641 ಎಂದು ಬರುತ್ತದೆ. ಇವುಗಳಲ್ಲಿ ಅವಿಭಾಜ್ಯವಾದವು 193, 257, 449, 577, 641 ಮಾತ್ರ. ಐದನೆಯ ಪ್ರಯತ್ನಕ್ಕೇ ಗುರಿ ಸಿಕ್ಕಿತು! ಫರ್ಮಾನ ಊಹೆಯನ್ನು ಕೆಡವಲು ಬಳಕೆಯಾದ ಆಯುಧ ಫರ್ಮಾನದೇ ಎಂಬುದು ಇಲ್ಲಿಯ ವೈಚಿತ್ರ್ಯ. ಮುಂದೆ 1878ರಲ್ಲಿ ಲೂಕಾ ಎಂಬ ಫ್ರೆಂಚ್ ಗಣಿತಜ್ಞನು 64ರ ಬದಲಿಗೆ 128ರ ಮಗ್ಗಿಯನ್ನೇ ತೆಗೆದುಕೊಳ್ಳಬಹುದೆಂದು ತೋರಿಸಿದನು. ಆಗ 641ರ ಮೊದಲು ಉಳಿಯುವ ಅವಿಭಾಜ್ಯ ಸಂಖ್ಯೆ 257 ಒಂದೇ.

ಭಾಗಿಸದೆಯೇ ಭಾಗಾಕಾರ

641 ನಮ್ಮ ಸಂಖ್ಯೆಯನ್ನು ಭಾಗಿಸುವುದೆಂಬುದನ್ನು ದೀರ್ಘ ಭಾಗಾಕಾರವಿಲ್ಲದೆಯೂ ತೋರಿಸಬಹುದು. 641ನ್ನು ಎರಡು ವಿಧವಾಗಿ ಬರೆಯೋಣ:

641 = 5 × 2⁷ + 1
641 = 5⁴ + 2⁴

ಮೊದಲನೆಯದರಿಂದ, 641ರಿಂದ ಭಾಗಿಸಿದಾಗ 5 × 2⁷ರ ಶೇಷ −1 ಎಂದು ತಿಳಿಯುತ್ತದೆ. ಇದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರಿಂದ, ಶೇಷದ ಮಟ್ಟಿಗೆ 5⁴ ಎಂಬುದು −2⁴ಕ್ಕೆ ಸಮ. ಅದನ್ನು ಇಲ್ಲಿ ಇಟ್ಟರೆ −2³²ರ ಶೇಷ 1 ಎಂದಾಗುತ್ತದೆ. ಅಂದರೆ 2³² + 1ರ ಶೇಷ ಸೊನ್ನೆ. ಹತ್ತಂಕಿಯ ಸಂಖ್ಯೆಯೊಂದನ್ನು ಮುಟ್ಟದೆಯೇ ಅದರ ಭಾಜಕವನ್ನು ನಾವು ಸಾಧಿಸಿದೆವು.

ಭಾಗಲಬ್ಧವು 67,00,417. ಇದು ಅವಿಭಾಜ್ಯವೇ? ಇದರ ವರ್ಗಮೂಲ 2,589ಕ್ಕಿಂತ ಕಡಿಮೆ. ಇದರ ಭಾಜಕಗಳೂ ನಮ್ಮ ಮೂಲ ಸಂಖ್ಯೆಯ ಭಾಜಕಗಳೇ ಆದುದರಿಂದ, 128ರ ಮಗ್ಗಿಗೆ ಒಂದು ಕೂಡಿಸಿದ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. 2,589ರೊಳಗೆ ಅಂತಹವು ಐದೇ: 257, 641, 769, 1,153, 1,409. ಇವುಗಳಿಂದ 67,00,417ನ್ನು ಭಾಗಿಸಿದರೆ ಬರುವ ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಲ್ಲ, ಆದಕಾರಣ 67,00,417 ಅವಿಭಾಜ್ಯ. ವಿದ್ಯಾರ್ಥಿಗಳು ಈ ಐದು ಭಾಗಾಕಾರಗಳನ್ನು ತಾವೇ ಮಾಡಿ ನೋಡಬೇಕು. 6,542 ಭಾಗಾಕಾರಗಳ ಕೆಲಸವನ್ನು ಯೋಚನೆಯು ಬೆರಳೆಣಿಕೆಗೆ ಇಳಿಸಿತೆಂಬುದು ಆಗ ಅನುಭವಕ್ಕೆ ಬರುತ್ತದೆ.

ರೇಖಾಗಣಿತದೊಡನೆ ನಂಟು

ಈ ಸಂಖ್ಯೆಯ ಯೋಗ್ಯತೆ ಅಂಕಗಣಿತಕ್ಕೆ ಮಾತ್ರ ಸೀಮಿತವಾಗಿಲ್ಲ. ಅಳತೆಪಟ್ಟಿ ಮತ್ತು ಕೈವಾರಗಳಿಂದ ಸಮಬಾಹು ತ್ರಿಭುಜವನ್ನೂ ಕ್ರಮ ಪಂಚಭುಜವನ್ನೂ ರಚಿಸುವ ವಿಧಾನ ಪ್ರಾಚೀನ ಗ್ರೀಕರಿಗೆ ತಿಳಿದಿತ್ತು. ಅನಂತರ ಸುಮಾರು ಎರಡು ಸಾವಿರ ವರ್ಷಗಳವರೆಗೆ, ಭುಜಗಳ ಸಂಖ್ಯೆ ಅವಿಭಾಜ್ಯವಾಗಿರುವ ಬೇರೆ ಯಾವ ಕ್ರಮ ಬಹುಭುಜವೂ ದೊರೆಯಲಿಲ್ಲ. 1796ರಲ್ಲಿ, ಇನ್ನೂ 19 ತುಂಬದಿದ್ದ ಗೌಸ್ ಎಂಬ ಜರ್ಮನ್ ತರುಣನು 17 ಭುಜಗಳ ಕ್ರಮ ಬಹುಭುಜವನ್ನು ರಚಿಸಬಹುದೆಂದು ಸಾಧಿಸಿದನು. 3, 5, 17 ಎಂಬ ಸಾಲು ವಾಚಕರಿಗೆ ಈಗ ಪರಿಚಿತವೇ ಆಗಿದೆ. ಭುಜಗಳ ಸಂಖ್ಯೆ ಅವಿಭಾಜ್ಯವೂ ಬೆಸವೂ ಆಗಿದ್ದಲ್ಲಿ, ಅದು ಫರ್ಮಾನ ಸಾಲಿಗೆ ಸೇರಿದ್ದರೆ ಮಾತ್ರ ರಚನೆ ಸಾಧ್ಯ. ಈ ‘ಮಾತ್ರ’ ಎಂಬುದರ ಸಾಧನೆಯನ್ನು 1837ರಲ್ಲಿ ವಾಂಟ್ಸೆಲ್ ಎಂಬವನು ಪ್ರಕಟಿಸಿದನು.

ಫರ್ಮಾನ ಸಾಲಿನ ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದು ಬಾರಿ ಗುಣಿಸಿ ಪಡೆದ ಭುಜಸಂಖ್ಯೆಗಳಿಗೂ ರಚನೆ ಸಾಧ್ಯ. 3, 5, 17, 257, 65,537 ಈ ಐದನ್ನು ಒಂಟಿಯಾಗಿಯೂ ಜೊತೆಗೂಡಿಸಿಯೂ ತೆಗೆದುಕೊಂಡರೆ 31 ಸಂಖ್ಯೆಗಳಾಗುತ್ತವೆ. ಬೆಸ ಸಂಖ್ಯೆಯ ಭುಜಗಳುಳ್ಳ, ರಚಿಸಬಹುದಾದ ಬಹುಭುಜಗಳಲ್ಲಿ ಇಂದು ನಮಗೆ ತಿಳಿದಿರುವವು ಇಷ್ಟೇ. ಐದನ್ನೂ ಒಟ್ಟಿಗೆ ಗುಣಿಸಿದರೆ 4,29,49,67,295 ಬರುತ್ತದೆ. ಇದು ನಮ್ಮ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ. ಆಯ್ಲರನು 641ನ್ನು ಕಂಡುಹಿಡಿದಾಗ, ಅವನಿಗೇ ಅರಿವಿಲ್ಲದಂತೆ, 4,29,49,67,297 ಭುಜಗಳ ಒಂದು ಆಕೃತಿಗೂ ಬಾಗಿಲು ಮುಚ್ಚಿತು.

ಭಾಜಕ ಸಿಗದ ತೀರ್ಪು

ಸಾಲಿನ ಮುಂದಿನ ಸಂಖ್ಯೆ 2⁶⁴ + 1, ಅಂದರೆ 1,84,46,74,40,73,70,95,51,617. ಚದುರಂಗದ ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು ಎಂದು ಇಮ್ಮಡಿಸುತ್ತ 64 ಮನೆಗಳಿಗೂ ಕಾಳುಗಳನ್ನು ಬೇಡಿದವನ ಕಥೆ ಎಲ್ಲರಿಗೂ ಗೊತ್ತು. ಅವನಿಗೆ ಸಲ್ಲಬೇಕಾದ ಕಾಳುಗಳ ಸಂಖ್ಯೆಗಿಂತ ಇದು ಎರಡು ಹೆಚ್ಚು. 1880ರಲ್ಲಿ ಲಾಂಡ್ರಿ ಎಂಬವನು ತನ್ನ 82ನೆಯ ವಯಸ್ಸಿನಲ್ಲಿ ಇದನ್ನು 2,74,177 ಮತ್ತು 6,72,80,42,13,10,721 ಎಂಬ ಎರಡು ಸಂಖ್ಯೆಗಳಾಗಿ ಒಡೆದನು.

ಅಷ್ಟರಲ್ಲಿ ಹೊಸದೊಂದು ಉಪಾಯವೂ ದೊರೆತಿತ್ತು. 1877ರಲ್ಲಿ ಪೆಪ್ಯಾಂ ಎಂಬವನು ಫರ್ಮಾನ ಸಾಲಿನ ಸಂಖ್ಯೆಗಳಿಗೆಂದೇ ಒಂದು ಪರೀಕ್ಷೆಯನ್ನು ಸೂಚಿಸಿದನು. ಸಂಖ್ಯೆಯಿಂದ ಒಂದನ್ನು ಕಳೆದು, ಅದರ ಅರ್ಧದಷ್ಟು ಘಾತಾಂಕಕ್ಕೆ 3ನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಬೇಕು. ಸಾಲಿನ ಮೊದಲಿನ 3ನ್ನು ಬಿಟ್ಟು ಉಳಿದವಕ್ಕೆಲ್ಲ ಈ ನಿಯಮ ಸಲ್ಲುತ್ತದೆ: ಶೇಷವು −1 ಆದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. ನಮ್ಮ ಸಂಖ್ಯೆಗೆ ಇದನ್ನು ಪ್ರಯೋಗಿಸಲು 31 ಬಾರಿ ವರ್ಗ ಮಾಡಿ ಶೇಷ ತೆಗೆದರೆ ಸಾಕು. ಈ ಪರೀಕ್ಷೆಯಿಂದ ಸಂಖ್ಯೆಗೆ ಭಾಜಕವಿದೆಯೆಂಬುದು ನಿಸ್ಸಂದೇಹವಾಗಿ ತಿಳಿಯುತ್ತದೆ. ಆ ಭಾಜಕ ಯಾವುದೆಂಬುದು ಮಾತ್ರ ತಿಳಿಯದು.

39 ಅಂಕಿಗಳುಳ್ಳ 2¹²⁸ + 1 ಸಂಯುಕ್ತವೆಂದು ಮೋರ್‌ಹೆಡ್ ಮತ್ತು ವೆಸ್ಟರ್ನ್ ಎಂಬವರು 1905ರಲ್ಲಿ ಈ ದಾರಿಯಿಂದಲೇ ತೋರಿಸಿದರು. ಅದರ ಭಾಜಕಗಳನ್ನು ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಅವರು ಗಣಕಯಂತ್ರದ ನೆರವಿನಿಂದ ಕಂಡುಹಿಡಿದುದು 1970ರಲ್ಲಿ. ತೀರ್ಪಿಗೂ ಸಾಕ್ಷಿಗೂ ನಡುವೆ 65 ವರ್ಷಗಳು ಸಂದವು! 50 ಲಕ್ಷಕ್ಕೂ ಹೆಚ್ಚು ಅಂಕಿಗಳುಳ್ಳ, ಎರಡರ 1,67,77,216ನೆಯ ಘಾತಕ್ಕೆ ಒಂದು ಕೂಡಿಸಿದ ಸಂಖ್ಯೆ ಸಂಯುಕ್ತವೆಂಬುದು 1999ರಲ್ಲಿ ಸಿದ್ಧವಾಯಿತು. ಅದರ ಒಂದು ಭಾಜಕವೂ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಂತರವು ಇಂದು ಲೋಕವ್ಯವಹಾರಕ್ಕೂ ಒದಗಿದೆ. ಗಣಕಯಂತ್ರಗಳ ನಡುವೆ ಗುಪ್ತಸಂದೇಶಗಳನ್ನು ಕಳುಹಿಸುವ ಬಹುಬಳಕೆಯ ವಿಧಾನವೊಂದರಲ್ಲಿ ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, ಬಂದ ಲಬ್ಧವನ್ನು ಎಲ್ಲರಿಗೂ ತೋರಿಸುತ್ತಾರೆ. ಅಪವರ್ತನಗಳನ್ನು ಗುಟ್ಟಾಗಿ ಇಡುತ್ತಾರೆ. ಲಬ್ಧವು ಆರುನೂರಕ್ಕೂ ಹೆಚ್ಚು ಅಂಕಿಗಳದ್ದಾದರೆ ಅದನ್ನು ಒಡೆಯುವುದು ಇಂದಿನ ಯಂತ್ರಗಳಿಗೆ ಸಾಧ್ಯವಾಗಿಲ್ಲ. ಅದೇ ವಿಧಾನದಲ್ಲಿ ಘಾತಾಂಕವಾಗಿ ಸಾಮಾನ್ಯವಾಗಿ ಬಳಕೆಯಾಗುವ ಸಂಖ್ಯೆ ಯಾವುದೆಂದರೆ, ಫರ್ಮಾ ಪರೀಕ್ಷಿಸಿದ 65,537. ಆ ಘಾತಕ್ಕೆ ಏರಿಸಲು 16 ಬಾರಿ ವರ್ಗ ಮಾಡಿ ಒಮ್ಮೆ ಗುಣಿಸಿದರೆ ಸಾಕಾಗುತ್ತದೆಂಬುದೇ ಅದನ್ನು ಆರಿಸಿಕೊಂಡುದಕ್ಕೆ ಮುಖ್ಯ ಕಾರಣ.

ಉಳಿದಿರುವ ಪ್ರಶ್ನೆ

ಫರ್ಮಾನ ಸಾಲಿನಲ್ಲಿ 65,537ರ ಮುಂದೆ ಮತ್ತೊಂದು ಅವಿಭಾಜ್ಯ ಸಂಖ್ಯೆ ಇದುವರೆಗೆ ದೊರೆತಿಲ್ಲ. 4,29,49,67,297ರಿಂದ ಆರಂಭಿಸಿ ಒಂದಾದ ಮೇಲೊಂದರಂತೆ 28 ಸಂಖ್ಯೆಗಳು ಸಂಯುಕ್ತವೆಂದು ಸಿದ್ಧವಾಗಿವೆ. ಅವುಗಳ ಮುಂದಿನದಕ್ಕೆ ಸುಮಾರು 258 ಕೋಟಿ ಅಂಕಿಗಳಿವೆ. ಅದರ ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ಹಾಗಾದರೆ ಇನ್ನು ಮುಂದಿನವೆಲ್ಲವೂ ಸಂಯುಕ್ತವೆಂದು ಹೇಳಿಬಿಡಬಹುದೆ? ಹಾಗೆ ಹೇಳುವ ಆಸೆ ನಮಗೂ ಆಗುವುದು ಸಹಜ. ಅನೇಕ ಗಣಿತಜ್ಞರ ಒಲವೂ ಆ ಕಡೆಗೇ ಇದೆ. ಆದರೆ ಐದು ಉದಾಹರಣೆಗಳನ್ನು ಕಂಡು ಫರ್ಮಾ ಎಲ್ಲವೂ ಅವಿಭಾಜ್ಯವೆಂದು ನಂಬಿದನು. 28 ಉದಾಹರಣೆಗಳನ್ನು ಕಂಡು ನಾವು ಯಾವುದೂ ಅವಿಭಾಜ್ಯವಲ್ಲವೆಂದು ನಂಬಿದರೆ ನಮ್ಮ ತರ್ಕ ಅವನದಕ್ಕಿಂತ ಮೇಲಾದುದೇನೂ ಅಲ್ಲ. ಅನಂತವಾದ ಸಾಲಿನೆದುರು ಐದೂ ಅಲ್ಪವೇ, ಇಪ್ಪತ್ತೆಂಟೂ ಅಲ್ಪವೇ. ಉದಾಹರಣೆಗಳು ಊಹೆಯನ್ನು ಹುಟ್ಟಿಸಬಲ್ಲವು; ಒಂದೇ ಒಂದು ವಿರುದ್ಧ ಉದಾಹರಣೆ ಆ ಊಹೆಯನ್ನು ಕೆಡಹಬಲ್ಲುದು; ಅದನ್ನು ನಿಲ್ಲಿಸಬಲ್ಲುದು ಸಾಧನೆಯೊಂದೇ. ಆ ಸಾಧನೆಯನ್ನು ಇದುವರೆಗೆ ಯಾರೂ ಕೊಟ್ಟಿಲ್ಲ. ಪ್ರಶ್ನೆಯು ಇಂದಿನ ವಿದ್ಯಾರ್ಥಿಗಳಿಗಾಗಿ ತೆರೆದೇ ಇದೆ.